ಬಿಸಿಲು ಮೂಲೆಯ ನೆರಳು

ಮೊದಲೇ ಹೇಳಿಬಿಡುತ್ತೇನೆ, ಗಿಡ ತಿದ್ದುವುದರಲ್ಲಿ ನನ್ನನ್ನು ಮೀರಿಸುವವರು ಈ ಬೆಟ್ಟದ ಮೇಲೆ ಹುಟ್ಟಿಲ್ಲ. ಬೆಟ್ಟದ ಕೆಳಗೆ ಹುಟ್ಟಿದ್ದರೆ ಅವರು ಇನ್ನೂ ಹತ್ತಿ ಬಂದಿಲ್ಲ. ನನ್ನ ಕತ್ತರಿ ಎಷ್ಟು ಹರಿತವೆಂದರೆ, ಅದರಿಂದ ಬಿದ್ದ ಎಲೆಗೆ ತಾನು ಬಿದ್ದ ಸುದ್ದಿ ಮೂರು ದಿನವಾದ ಮೇಲೆ ಮುಟ್ಟುತ್ತದೆ. ಅಲ್ಲಿಯವರೆಗೆ ನೆಲದ ಮೇಲೇ ಹಸಿರಾಗಿ ಬಿದ್ದುಕೊಂಡಿರುತ್ತದೆ. ನಾನು ಅಂಗಳಕ್ಕೆ ಬಂದರೆ ಬಾಗಬೇಕಾದ ಟೊಂಗೆಗಳು ತಾವಾಗಿಯೇ ಅರ್ಧ ಬಾಗುತ್ತವೆ. ಬೇಕಾದರೆ ನನ್ನ ಹೆಂಡತಿ ಕಾಶಮ್ಮನನ್ನು ಕೇಳಿ. ಬೇಡ, ಅವಳನ್ನು ಕೇಳಬೇಡಿ. ಅವಳು ನಿಜ ಹೇಳಿಬಿಡುತ್ತಾಳೆ.

ನಮ್ಮೂರು ಯಾವ ನಕ್ಷೆಯಲ್ಲೂ ಇಲ್ಲ. ನಕ್ಷೆ ಬರೆಯುವವನೊಬ್ಬ ಸರಪಳಿ, ದುರ್ಬೀನು ಹೊತ್ತುಕೊಂಡು ಒಮ್ಮೆ ಬಂದಿದ್ದ. ಬೆಟ್ಟ ಹತ್ತಿ ದಣಿದವನು ಚೌಕದ ನೆರಳಿನಲ್ಲಿ ಒಂದು ಗಳಿಗೆ ಅಡ್ಡಾದ. ಎದ್ದಾಗ ನಾಲ್ಕು ದಿನ ಕಳೆದಿದ್ದವು, ಕೊಟ್ಟ ಗಡುವೂ ಕಳೆದಿತ್ತು. ಕಾಗದದ ಮೇಲೆ ನಮ್ಮೂರಿನ ಜಾಗವನ್ನು ಖಾಲಿ ಬಿಟ್ಟು ನಾಚಿಕೊಂಡು ಇಳಿದುಹೋದ. ಇಡೀ ಊರು ಒಂದೇ ಬಂಡೆ. ಮೆಂತ್ಯದ ಬೀಜ ಊರುವಷ್ಟೂ ಮಣ್ಣಿಲ್ಲ. ಬಂಡೆಯ ಬಿರುಕಿನಲ್ಲಿ ಹುಟ್ಟಿದ ಗಿಡ ಇನ್ನೂರು ವರ್ಷ ಬದುಕಿದರೂ ಮೊಣಕಾಲು ದಾಟುವುದಿಲ್ಲ. ನೆರಳು ಮಾತ್ರ ಬೀದಿಯಗಲ ಬೀಳುತ್ತದೆ.

ಹೀಗಾಗಿ ನಾವು ಗಿಡಗಳನ್ನು ಕಲ್ಲಿನ ಬಾನಿಗಳಲ್ಲಿಟ್ಟು ಸಾಕುತ್ತೇವೆ. ಬಾನಿ ಎಂದರೆ ದೊಡ್ಡದೇನಲ್ಲ, ರೊಟ್ಟಿ ಬುಟ್ಟಿಯಷ್ಟಗಲ, ನಾಲ್ಕು ಬೆರಳು ಆಳ. ಗೇಣುದ್ದದ ಬೇವಿನ ಕೆಳಗೆ, ಕೆಳಗೆ ಎನ್ನುವುದಕ್ಕಿಂತ ಪಕ್ಕದಲ್ಲಿ, ನಮ್ಮ ಸಾಲಿಯ ಮೂರು ತರಗತಿಗಳು ಕುಳಿತು ಮಗ್ಗಿ ಹೇಳುತ್ತವೆ. ಮಾಳಿಗೆಯ ಮೇಲೆ ಬಾನಿಯನ್ನು ಎರಡು ಬೆರಳು ಸರಿಸಿದರೆ ನೆರಳು ಎರಡು ಮನೆ ದಾಟುತ್ತದೆ. ಬೇಸಿಗೆ ಬಂದರೆ ಓಣಿ ತುಂಬ ಇದೇ ಮಾತು: "ಯವ್ವಾ, ನಿಮ್ಮ ಅತ್ತಿಗಿಡ ನಮ್ಮ ಹಪ್ಪಳದ ಮ್ಯಾಲೆ ಕುಂತೈತಿ, ಚೂರು ಆಚೆ ಸರಸ್ರಿ." ಮದುವೆಯ ದಿಬ್ಬಣದ ಮುಂದೆ ವಾಲಗದವರಿಗಿಂತ ಮೊದಲು ಒಬ್ಬ ಬಾನಿ ಹೊತ್ತು ನಡೆಯುತ್ತಾನೆ, ಹಿಂದೆ ಮುನ್ನೂರು ಜನ ತಂಪಾಗಿ ಹೋಗುತ್ತಾರೆ. ಒಂದು ಸಲ ಕಳ್ಳನೊಬ್ಬ ಯಾರದೋ ಗೋಣಿ ಗಿಡವನ್ನು ಟವೆಲಿನಲ್ಲಿ ಸುತ್ತಿಕೊಂಡು ಮಟಮಟ ಮಧ್ಯಾಹ್ನ ಓಡಿದ. ಊರಿನ ದನಗಳೆಲ್ಲ ನೆರಳು ಬಿಡಲಾರದೆ ಅವನ ಹಿಂದೆಯೇ ನಡೆದವು. ನಲವತ್ತು ದನಗಳ ಮೆರವಣಿಗೆಯ ಮುಂದೆ ಸಿಕ್ಕಿಬಿದ್ದವನು ತಾನು ದನ ಕಾಯುವವನು ಎಂದು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ.

ಬೆಟ್ಟದಿಂದ ಕಿತ್ತು ತಂದ ಗಿಡದ ನೆರಳು ಹಾಗೇ ಬಳಕೆಗೆ ಬರುವುದಿಲ್ಲ. ಹರಿದ ಕೌದಿಯ ಹಾಗೆ ಅಲ್ಲೊಂದು ತುಂಡು, ಇಲ್ಲೊಂದು ತುಂಡು. ಅದನ್ನು ಹೊಲಿದು ಒಂದು ಮಾಡುವವರು ನಾವು, ತಿದ್ದುವವರು. ಬೇರು ಸವರಿ, ಟೊಂಗೆಗೆ ತಾಮ್ರದ ತಂತಿ ಸುತ್ತಿ ಬಗ್ಗಿಸಿ, ಚಿಗುರು ಚಿವುಟಿ ಒಂದು ಕಡ್ಡಿ ಎರಡಾಗುವಂತೆ, ಎರಡು ನಾಲ್ಕಾಗುವಂತೆ ಮಾಡುತ್ತ ಹತ್ತು ವರ್ಷ ಕುಳಿತರೆ ನೆರಳು ಬಿಗಿಯಾಗುತ್ತದೆ. ನಮ್ಮ ಕಸುಬಿನಲ್ಲಿ ತಪ್ಪು ಮುಚ್ಚಿಡಲಾಗದು. ತಂತಿ ತೊಗಟೆಯನ್ನು ಕಚ್ಚಿದರೆ ನೆರಳಿನಲ್ಲಿ ಹಗ್ಗದಗಲ ಬಿಸಿಲಿನ ಗೆರೆ ಏಳುತ್ತದೆ. ಒಂದು ಟೊಂಗೆ ತಪ್ಪಿ ಕಡಿದರೆ ಎತ್ತಿನ ಗಾಡಿ ತೂರುವಷ್ಟು ತೂತು. ಹೋದ ವರ್ಷ ಒಬ್ಬ ಮನೆಯಲ್ಲಿ ಜಗಳಾಡಿಕೊಂಡು ಬಂದು ಕತ್ತರಿ ಹಿಡಿದ. ಜಗಳದಲ್ಲಿ ಸೋತವರು ಯಾರೆಂದು ಇಡೀ ಓಣಿ ನೆರಳು ನೋಡಿಯೇ ಹೇಳಿತು.

ತಿದ್ದುವವರಿಗೆ ಎರಡು ಕಟ್ಟಳೆಗಳಿವೆ. ಒಂದು, ಒಣಗಿದ ಟೊಂಗೆಯನ್ನು ಊರೊಳಗೆ ತರಬಾರದು. ಗಿಡ ಕಿತ್ತ ಜಾಗದಲ್ಲೇ ಗರಗಸ ಹಾಕಿ, ಸತ್ತದ್ದನ್ನು ಬೆಟ್ಟದ ಮೇಲೇ ಎಸೆದು, ಹಸಿರಾದದ್ದನ್ನಷ್ಟೇ ಹೊತ್ತು ಇಳಿಯಬೇಕು. ಒಣಗಿದ್ದು ನೆರಳಿಗೆ ತೂತು ಎಂದು ನಮ್ಮ ಅಜ್ಜಂದಿರ ಅಜ್ಜಂದಿರು ನಂಬಿದ್ದರು, ನಾವೂ ನಂಬಿದ್ದೆವು. ಎರಡನೆಯದು, ಚೌಕಕ್ಕೆಂದು ತಿದ್ದಿದ ಗಿಡ ಚೌಕದಲ್ಲೇ ಮೊದಲ ಬಿಸಿಲು ಕಾಣಬೇಕು. ಅಲ್ಲಿಯವರೆಗೆ ಅದು ತಟ್ಟಿ ಕಟ್ಟಿದ ಚಪ್ಪರದೊಳಗೆ ಸೋಸಿದ ಬೆಳಕಿನಲ್ಲಿ ಇರಬೇಕು. ನೆರಳು ಮೊದಲು ಮನೆಯಂಗಳದಲ್ಲಿ ಬಿತ್ತೆಂದರೆ ಅದು ಮನೆಗಿಡವಾಯಿತು, ಚೌಕಕ್ಕೆ ನಡೆಯುವುದಿಲ್ಲ.

ಚೌಕವೆಂದರೆ ನಮ್ಮ ಸಂತೆಯ ಜಾಗ. ನಡುವೆ ಒಂದು ಕಟ್ಟೆ, ಕಟ್ಟೆಯ ಮೇಲೆ ಒಂದು ಬಾನಿ. ಸುತ್ತ ಸೊಪ್ಪಿನ ಮೂಲೆ, ಹೂವಿನ ಮೂಲೆ, ಗಡಿಗೆ ಮೂಲೆ. ನಾಲ್ಕನೆಯದಕ್ಕೆ ಹೆಸರು ಬಿಸಿಲು ಮೂಲೆ, ಯಾಕೆಂದರೆ ಅಲ್ಲಿಗೆ ನೆರಳು ಮುಟ್ಟಿದ್ದನ್ನು ಕಂಡವರಿಲ್ಲ. ತಡವಾಗಿ ಬಂದವರು, ದೂರದಿಂದ ನಡೆದು ಬಂದವರು ಅಲ್ಲಿ ಕೂರುತ್ತಾರೆ. ಬೆಟ್ಟದ ತುದಿಯಲ್ಲಿ ಆಡು ಮೇಯಿಸುವ ಮಾಳವ್ವ ಇಪ್ಪತ್ತು ವರ್ಷದಿಂದ ಅಲ್ಲೇ ಹಾಲು ಮಾರುತ್ತಿದ್ದಳು. ಹಾಲು ಒಡೆಯಬಾರದೆಂದು ಗಡಿಗೆಯ ಮೇಲೆ ಒದ್ದೆ ಕಂಬಳಿ ಹೊದಿಸಿ, ತಾನು ಬರಿತಲೆಯಲ್ಲಿ ಬಿಸಿಲಿಗೆ ಕೂರುತ್ತಿದ್ದಳು. ಕಂಬಳಿ ಒಣಗಿದರೆ ಮತ್ತೆ ನೀರು ಚಿಮುಕಿಸುವುದು, ಮತ್ತೆ ಕೂರುವುದು.

ಹೋದ ಮಳೆಗಾಲದಲ್ಲಿ ಚೌಕದ ಹಳೆಯ ಆಲ ಸತ್ತುಹೋಯಿತು. ಅದನ್ನು ಕೊಂದದ್ದು ಹುಳವಲ್ಲ, ರೋಗವಲ್ಲ, ಪ್ರೀತಿ. ಅದಕ್ಕೆ ನೂರು ವರ್ಷ ತುಂಬಿತೆಂದು ಯಾರೋ ಲೆಕ್ಕ ಹಾಕಿದರು. ಅಂದಿನಿಂದ ಹೋಗುವವರು ಬರುವವರೆಲ್ಲ ಒಂದೊಂದು ತಂಬಿಗೆ ನೀರು ಸುರಿದು ಕೈಮುಗಿದರು. ತಿಂಗಳೊಳಗೆ ಬೇರು ಕೊಳೆತು ಎಲೆ ಉದುರಿತು. ಬೇಸಿಗೆ ಬರುವುದರೊಳಗೆ ಹೊಸ ಗಿಡ ಕಟ್ಟೆ ಏರದಿದ್ದರೆ ಸಂತೆಯೇ ಇಲ್ಲ. ಸೊಪ್ಪು ಮಾರುವ ಫಕೀರವ್ವ, ಚೌಕಕ್ಕೆಲ್ಲ ಹಿರಿಯಳು, ಎಪ್ಪತ್ತರ ಮುದುಕಿ, ತಿದ್ದುವವರನ್ನೆಲ್ಲ ಕರೆಸಿ ಸಭೆ ಸೇರಿಸಿದಳು.

ವಿರೂಪಣ್ಣನೂ ಬಂದಿದ್ದ. ಇವನ ಬಗ್ಗೆ ಹೇಳಬೇಕು. ನನ್ನ ನಂತರ ಊರಿನಲ್ಲಿ ಒಳ್ಳೆಯ ಕೈ ಅವನದು ಎಂದು ನಾನು ಹೇಳುತ್ತೇನೆ. ಊರಿನವರು ಆ 'ನಂತರ' ಎಂಬುದನ್ನು ಬಿಟ್ಟು ಹೇಳುತ್ತಾರೆ. ಮಾತು ಕಡಿಮೆ, ಬಟ್ಟೆ ಬೆಳ್ಳಗೆ. ಅವನ ಗಿಡಗಳು ಎಣ್ಣೆ ಹಚ್ಚಿ ಬೈತಲೆ ತೆಗೆದ ತಲೆಯ ಹಾಗಿರುತ್ತವೆ. ಅವನು ಮೆಲ್ಲಗೆ, "ನನ್ನ ಹತ್ರ ಒಂದು ಬಸರಿ ಗಿಡ ಐತಿ. ಮೂರು ಮೂಲಿಗೆ ಚಿಂತಿ ಇಲ್ಲ" ಎಂದ.

ಎಲ್ಲರೂ ತಲೆದೂಗಿದರು. ಆ ತಲೆದೂಗಿದ್ದನ್ನು ನೋಡಿ ನನ್ನ ನಾಲಿಗೆ ನನ್ನ ಅಪ್ಪಣೆ ಕೇಳದೆ ಎದ್ದು ನಿಂತಿತು. "ಮೂರು ಮೂಲಿಗೆ ನಮ್ಮನಿ ಕರಿಬೇವು ಸಾಕಲ್ಲೋ ವಿರೂಪಣ್ಣ. ನಾನು ನಾಕೂ ಮೂಲಿ ಮುಚ್ಚತೀನಿ."

"ಬಿಸಲ ಮೂಲಿನೂ?" ಎಂದಳು ಫಕೀರವ್ವ.

"ಬಿಸಲ ಮೂಲಿನೂ."

"ಮುಚ್ಚಲಿಲ್ಲಂದ್ರ?"

ಸೊಂಟದಲ್ಲಿದ್ದ ಕತ್ತರಿ ತೆಗೆದು ಎತ್ತಿ ಹಿಡಿದೆ. "ಮುಚ್ಚಲಿಲ್ಲಂದ್ರ ಈ ಕತ್ತರಿ ನಿನ್ನ ಕೊತ್ತಂಬರಿ ಬೇರು ಕತ್ತರಸಾಕ ಇಟ್ಕೋ ಯಕ್ಕಾ. ಅವತ್ತಿಂದ ಈ ಮಾರ್ತಾಂಡಪ್ಪ ಒಂದು ಚಿಗುರೂ ಮುಟ್ಟಂಗಿಲ್ಲ."

ಹೇಳಿ ಮುಗಿದ ಮೇಲೆ ನನಗೂ ಕೇಳಿಸಿತು. ಆ ಕತ್ತರಿ ನನ್ನ ಅಜ್ಜನದು, ಅಪ್ಪನದು, ಅವರ ಬೆರಳಿನ ಗುರುತು ಹಿಡಿಯಲ್ಲಿ ಹಾಗೇ ಕುಳಿತಿದೆ. ಕತ್ತರಿ ಇಲ್ಲದ ನಾನೆಂದರೆ ಬರೀ ಬಾಯಿ. ಸಭೆ ಮುಗಿದಾಗ ಬಿಸಿಲು ಮೂಲೆಯಿಂದ ಮಾಳವ್ವ ಕರೆದು ಹೇಳಿದಳು: "ಯಣ್ಣಾ, ನನ್ನ ಸಲುವಾಗಿ ಕತ್ತರಿ ಕಳಕೋಬ್ಯಾಡ್ರಿ. ನನಗ ಬಿಸಲು ರೂಢಿ ಐತಿ."

"ನಿನ್ನ ಸಲುವಾಗಿ ಯಾರು ಅಂದ್ರು? ನನ್ನ ಹೆಸರಿನ ಸಲುವಾಗಿ" ಎಂದೆ. ನಾನು ಸಿಟ್ಟಿನಲ್ಲಿದ್ದಾಗ ಮಾತ್ರ ನಿಜ ಬಾಯಿಗೆ ಬರುತ್ತದೆ.

ಇಷ್ಟು ಧೈರ್ಯಕ್ಕೆ ಕಾರಣವಿತ್ತು. ನಮ್ಮ ಹಿತ್ತಲಿನ ಚಪ್ಪರದೊಳಗೆ ಮೂರು ವರ್ಷದಿಂದ ಒಂದು ಹುಣಸೆ ಅಡಗಿ ಕುಳಿತಿತ್ತು. ಅದನ್ನು ಕಿತ್ತ ಕಥೆ ಕೇಳಿ. ಬೆಟ್ಟದ ಪಡುವಲ ಕಡೆ ಒಂದು ಕೊರಕಲು ಇದೆ, ಹದ್ದುಗಳೂ ಅಲ್ಲಿ ಕೂರುವ ಮುನ್ನ ಕೆಳಗೆ ನೋಡುವುದಿಲ್ಲ. ಅದರ ಅಂಚಿನಲ್ಲಿತ್ತು ಗಿಡ. ಎತ್ತರ ಒಂದು ಮೊಳ, ಬುಡ ಮಾತ್ರ ರುಬ್ಬುಗುಂಡಿನಷ್ಟು ದಪ್ಪ. ಆಡುಗಳ ಮುತ್ತಜ್ಜಿಯರು ಮೇದು, ಅಜ್ಜಿಯರು ಮೇದು, ಅವ್ವಂದಿರು ಮೇದು, ಇನ್ನೂರು ವರ್ಷ ಪ್ರತಿ ಚಿಗುರನ್ನೂ ಚಿವುಟಿ ಚಿವುಟಿ ಅದನ್ನು ತಿದ್ದಿದ್ದವು. ಒಂದು ಕಾಲದಲ್ಲಿ ಸಿಡಿಲು ಬಡಿದು ಅರ್ಧ ಭಾಗ ಸತ್ತಿತ್ತು. ಆ ಕಡೆ ಎರಡು ಒಣ ಕೊಂಬುಗಳು, ತೊಗಟೆ ಕಳಚಿ, ಮೂಳೆಯ ಹಾಗೆ. ಈ ಕಡೆ ಒಂದೇ ಒಂದು ತೊಗಟೆಯ ಪಟ್ಟಿ, ಅಂಗೈಯಗಲ, ಅದರ ತುದಿಯಲ್ಲಿ ಹಸಿರು.

ಮೂರು ದಿನ ಹಗ್ಗಕ್ಕೆ ಜೋತು ಬಿರುಕಿನಿಂದ ಬೇರು ಬಿಡಿಸಿದೆ. ಊರಿನಲ್ಲಿ ಒಂಬತ್ತು ದಿನ ಎಂದು ಹೇಳಿದ್ದೇನೆ, ನಿಮಗೆ ಮಾತ್ರ ಮೂರು. ತಾಯಿಬೇರನ್ನು ಕಡಿದು, ಕೂದಲುಬೇರುಗಳಿಗೆ ಹಸಿ ಗೋಣಿ ಸುತ್ತಿದೆ. ಇನ್ನು ಕಟ್ಟಳೆಯಂತೆ ಒಣ ಕೊಂಬುಗಳನ್ನು ಕೊಯ್ಯಬೇಕೆಂದು ಗರಗಸ ತೆಗೆದೆ. ಬೆವರಿದ ಕೈ, ಗರಗಸ ಜಾರಿ ಕೊರಕಲಿಗೆ ಬಿತ್ತು. ಬಿದ್ದ ಸದ್ದು ಕೇಳಲೆಂದು ಕಾದೆ, ಇನ್ನೂ ಕೇಳಿಲ್ಲ. ಮೇಲಿನ ಬಂಡೆಯಲ್ಲಿ ಆಡು ಕಾಯುತ್ತ ಕುಳಿತಿದ್ದ ಮಾಳವ್ವ ಎಲ್ಲವನ್ನೂ ನೋಡಿದಳು. "ಬೇಕಂತಲೇ ಒಗದೆ. ಹಳೇದಾಗಿತ್ತು" ಎಂದೆ. "ಹೌದ್ರಿ, ಹೊಸಾದು ಒಗದ್ರ ಯಾರರ ಏನಂದಾರು" ಎಂದಳು.

ಸತ್ತ ಕೊಂಬುಗಳ ಸಮೇತ ಗಿಡವನ್ನು ಕಂಬಳಿಯಲ್ಲಿ ಮುಚ್ಚಿ, ಹೆರಿಗೆಯ ಹೆಂಗಸನ್ನು ಕರೆತರುವ ಹಾಗೆ ಹಿಂದಿನ ಓಣಿಯಿಂದ ಮನೆಗೆ ತಂದೆ. ಕಿತ್ತ ಗಿಡಕ್ಕೆ ನಾವು ಬಾಣಂತನ ಮಾಡುತ್ತೇವೆ. ಎರಡು ವರ್ಷ ಯಾರೂ ಕತ್ತರಿ ತೋರಿಸುವಂತಿಲ್ಲ. ದಪ್ಪ ಮರಳು, ಕುಟ್ಟಿದ ಹಂಚು, ಆಡಿನ ಹಿಕ್ಕೆ ಬೆರೆಸಿ ಹಾಸಿಗೆ. ಗಾಳಿ ಬೀಸದಂತೆ ಸುತ್ತ ತಟ್ಟಿ. ಎಲೆಯ ಮೇಲೆ ದಿನಕ್ಕೆರಡು ಸಲ ನೀರಿನ ತುಂತುರು. ಆ ಸಮಯದಲ್ಲಿ ಒಂದು ಕೊಂಬನ್ನು ಕೊಯ್ದರೂ ಬೇರಿಗೆ ಅದುರು ತಟ್ಟುತ್ತದೆ. ಆದ್ದರಿಂದ ಒಣ ಕೊಂಬುಗಳು ಉಳಿದವು, ನನ್ನ ನಾಚಿಕೆ ಚಪ್ಪರದೊಳಗೆ ಮುಚ್ಚಿಕೊಂಡಿತು. ಹಿಕ್ಕೆ ತಂದುಹಾಕುತ್ತಿದ್ದವಳು ಮಾಳವ್ವ. ಅವಳನ್ನೂ ಕಾಶಮ್ಮನನ್ನೂ ಬಿಟ್ಟರೆ ಆ ಗಿಡವನ್ನು ಯಾರೂ ಕಂಡಿರಲಿಲ್ಲ.

ಸಭೆಯ ಮರುದಿನವೇ ತಿದ್ದಲು ಕುಳಿತೆ. ಮೊದಲ ವಾರ ಏನೂ ಮಾಡಲಿಲ್ಲ, ಬರೀ ನೋಡಿದೆ. ಕಾಶಮ್ಮ ಚಹಾ ತಂದವಳು, "ಗಿಡ ನಿಮ್ಮನ್ನ ನೋಡಾಕತ್ತೈತೋ, ನೀವು ಗಿಡಾನ ನೋಡಾಕತ್ತೀರೋ?" ಎಂದಳು. ನೋಡುವುದೇ ಅರ್ಧ ಕಸುಬು. ಗಿಡಕ್ಕೊಂದು ಮುಖವಿರುತ್ತದೆ, ಅದು ಸಿಗುವವರೆಗೆ ಕೈ ಹಚ್ಚಬಾರದು. ಬುಡದ ಬೇರುಗಳ ಮೇಲಿನ ಮಣ್ಣನ್ನು ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು, ಅವು ಬಂಡೆ ಹಿಡಿದ ಬೆರಳುಗಳಂತೆ ಹರಡಿದ ಕಡೆಯನ್ನು ಮುಂದಕ್ಕೆ ತಿರುಗಿಸಿದೆ. ಮುಖ ಸಿಕ್ಕಿತು. ಕಷ್ಟವೆಂದರೆ ಆ ಮುಖದ ನಟ್ಟನಡುವೆ ಸತ್ತ ಕೊಂಬುಗಳು.

ಹೊಸ ಗರಗಸ ತಂದಿದ್ದೆ. ಕೊಂಬಿನ ಬುಡಕ್ಕೆ ಹಲ್ಲು ತಾಗಿಸಿದೆ, ಒಂದೆಳೆ ಎಳೆದೆ. ಅಷ್ಟರಲ್ಲಿ ಹಿಕ್ಕೆಯ ಬುಟ್ಟಿ ಇಳಿಸುತ್ತಿದ್ದ ಮಾಳವ್ವ, "ಅದನ್ಯಾಕ ಕೊಯ್ತೀರಿ?" ಎಂದಳು.

"ಸತ್ತೈತಿ, ಕೊಯ್ತೀನಿ. ಸತ್ತದ್ದು ನೆರಳು ಕೊಡೂದಿಲ್ಲ."

"ಯಾರು ಅಂದ್ರು?"

"ಯಾರು ಅಂದ್ರು ಅಂದ್ರ? ಎಲ್ಲಾರೂ ಅಂದಾರ. ಮುನ್ನೂರು ವರ್ಷದಿಂದ ಅನ್ನಾಕತ್ತಾರ."

"ನನ್ನ ಆಡು ಹಂಗ ಅನ್ನೂದಿಲ್ಲ" ಎಂದಳು ಅವಳು, ಬುಟ್ಟಿ ಕೊಡವುತ್ತ. "ಮೂರು ದಿನ ಹಗ್ಗಕ್ಕ ಜೋತಬಿದ್ದು ಅಲ್ಲೇ ಇದ್ರಿ. ಮಟಮಟ ಮಧ್ಯಾಹ್ನ ನನ್ನ ಕರಿ ಆಡು ಮರಿ ಕಟಕೊಂಡು ಎಲ್ಲಿ ಮಲಗಿತ್ತು, ನೆನಪ ಮಾಡಿಕೋರಿ. ಹಸರ ಕಡೆನೋ, ಒಣಾ ಕಡೆನೋ?"

ನೆನಪು ಮಾಡಿಕೊಂಡೆ. ಹಸಿರು ಕಡೆ ಜಾಗ ಬೇಕಾದಷ್ಟಿತ್ತು. ಆ ಕರಿಯ ಆಡು ಮಾತ್ರ ಒಣ ಕೊಂಬಿನ ಕಡೆ, ಮರಿಗಳನ್ನು ಹೊಟ್ಟೆಗೆ ಒತ್ತಿಕೊಂಡು ಮಲಗಿತ್ತು. ಎಂಥ ದಡ್ಡ ಪ್ರಾಣಿ ಎಂದು ಅಂದು ನಾನು ನಕ್ಕಿದ್ದೆ. ಹಗ್ಗಕ್ಕೆ ಜೋತವನಿಗೆ ಅಲ್ಲಿನ ನೆಲ ಕಾಣುತ್ತಿರಲಿಲ್ಲ, ಬಂಡೆಯ ಮರೆ. ಆಡು ಕಾಣುತ್ತಿತ್ತು, ಅದರ ಕೆಳಗಿನ ನೆಲವಲ್ಲ.

"ಆಡಿನ ಮಾತು ಕೇಳಿ ಅಜ್ಜನ ಕತ್ತರಿ ಪಣಕ್ಕ ಇಡ್ಲೇನು?" ಎಂದೆ.

"ಕತ್ತರಿ ಇಟ್ಟದ್ದು ನಿಮ್ಮ ಬಾಯಿ ಮಾತು ಕೇಳಿ. ಆಡೇನ್ ಅದಕ್ಕಿಂತ ಕಡಿಮಿ?" ಎಂದು ಹೇಳಿ ಮಾಳವ್ವ ಹೋದಳು. ಒಳಗಿನಿಂದ ಕಾಶಮ್ಮ ನಕ್ಕದ್ದು ಕೇಳಿಸಿತು.

ಗರಗಸ ಹಿಡಿದುಕೊಂಡು ಮುಂಜಾನೆಯಿಂದ ಊಟದ ಹೊತ್ತಿನವರೆಗೆ ಕುಳಿತೆ. ಪರೀಕ್ಷೆ ಮಾಡಿ ನೋಡೋಣವೆಂದರೆ ಕಟ್ಟಳೆ ಅಡ್ಡ. ಅಂಗಳದ ಬಿಸಿಲಿಗೆ ತಂದರೆ ಮನೆಗಿಡವಾಗುತ್ತದೆ. ಕೊಯ್ದರೆ ವಿರೂಪಣ್ಣನ ಹಾಗೆ ಮೂರು ಮೂಲೆ ಸಿಕ್ಕೀತು, ಕತ್ತರಿ ಹೋದೀತು. ಕೊಯ್ಯದಿದ್ದರೆ ಮೂರೂ ಸಿಗದೆ, ಕತ್ತರಿಯೂ ಹೋಗಿ, ಮಾನವೂ ಹೋದೀತು. ಆದರೆ ನಾಲ್ಕನೆಯ ಮೂಲೆಯ ಆಸೆ ಇದ್ದದ್ದು ಕೊಯ್ಯದ ದಾರಿಯಲ್ಲೇ. ಗರಗಸವನ್ನು ಹಿತ್ತಲಿನ ಗೋಡೆಯಾಚೆ ಎಸೆದೆ. ಈ ಸಲ ನಿಜವಾಗಿಯೂ ಬೇಕಂತಲೇ ಎಸೆದೆ, ನೋಡಲು ಒಬ್ಬರೂ ಇರಲಿಲ್ಲ.

ಆಮೇಲೆ ಮಾಡಿದ ಕೆಲಸವನ್ನು ನಾನೇ ಹೊಗಳಿಕೊಳ್ಳಬಾರದು, ಆದರೆ ಬೇರೆ ಯಾರೂ ನೋಡಿಲ್ಲವಲ್ಲ. ಸತ್ತ ಕೊಂಬುಗಳ ಕೊಳೆತ ಭಾಗವನ್ನು ಒಡೆದ ಬಳೆಚೂರಿನಿಂದ ಕೆರೆದು ಗಟ್ಟಿ ಕಟ್ಟಿಗೆ ಬರುವವರೆಗೆ ಹೋದೆ. ಸಿಡಿಲು ಸೀಳಿದ ಗೆರೆ ಎಲ್ಲಿ ತಿರುಗಿತ್ತೋ ಅಲ್ಲೇ ನನ್ನ ಉಳಿಯೂ ತಿರುಗಿತು, ಒಂದು ಗೆರೆಯನ್ನೂ ನಾನಾಗಿ ಹುಟ್ಟಿಸಲಿಲ್ಲ. ಹುಳ ಬೀಳದಂತೆ ಗಂಧಕ, ಸುಣ್ಣ ಕುದಿಸಿದ ನೀರು ಬಳಿದೆ, ಕೊಂಬು ಬೆಳ್ಳಗೆ ಹೊಳೆಯಿತು. ಗಿಡವನ್ನೇ ಬಾನಿಯಲ್ಲಿ ವಾಲಿಸಿ ನೆಟ್ಟೆ, ಸತ್ತ ಭಾಗ ಪಡುವಲಕ್ಕೆ ಚಾಚುವಂತೆ. ಹಿಂಬದಿಯ ಹೆಬ್ಬೆರಳು ದಪ್ಪದ ಟೊಂಗೆಯನ್ನು ಮುಂದೆ ತರಬೇಕಿತ್ತು. ಅದಕ್ಕೆ ನೆನೆಸಿದ ಸೆಣಬು ಸುತ್ತಿ, ಮೇಲೆ ತಾಮ್ರದ ತಂತಿ ಸುತ್ತಿ, ದಿನಕ್ಕೆ ಅರ್ಧ ಬೆರಳು ಬಗ್ಗಿಸಿದೆ. ಹನ್ನೊಂದನೆಯ ದಿನ ಟೊಂಗೆ ಚಟ್ ಎಂದಿತು. ನನ್ನ ಎದೆಯೂ ಚಟ್ ಎಂದಿತು. ಉಸಿರು ಬಿಗಿಹಿಡಿದು ಬಿರುಕಿಗೆ ಜೇನುಮೇಣ ತುಂಬಿ ಕಟ್ಟಿದೆ, ನಲವತ್ತು ದಿನ ಆ ಕಡೆ ಸೀನಲೂ ಇಲ್ಲ. ಟೊಂಗೆ ಕೂಡಿಕೊಂಡಿತು. ತಂತಿ ತೊಗಟೆಯನ್ನು ಕಚ್ಚುವ ಹಿಂದಿನ ದಿನ ಬಿಚ್ಚಿದೆ. ಹಳೆಯ ಎಲೆ ತೆಗೆದೆ, ಹೊಸ ಎಲೆ ಸಾಸಿವೆಯಷ್ಟಾಗಿ ಬಂತು. ಯುಗಾದಿಯ ಮುಂದಿನ ಸಂತೆಗೆ ಗಿಡ ಸಿದ್ಧವಾಯಿತು.

ಅಂದು ಚೌಕದಲ್ಲಿ ಎಷ್ಟು ಜನ ಸೇರಿದ್ದರೆಂದರೆ ಊರಿನ ಮನೆಗಳೆಲ್ಲ ಒಂಟಿಯಾಗಿ ಹೆದರಿದ್ದವು. ಫಕೀರವ್ವ ನಾಲ್ಕೂ ಮೂಲೆಯಲ್ಲಿ ಒಂದೊಂದು ಕಟ್ಟು ಹಸಿ ಕೊತ್ತಂಬರಿ ಇಟ್ಟಳು. ಸಾಲಿಯ ಊಟದ ಗಂಟೆಯಿಂದ ಮರುಗಂಟೆಯವರೆಗೆ ಕೊತ್ತಂಬರಿ ಬಾಡದಿದ್ದರೆ ಆ ಮೂಲೆಗೆ ನೆರಳು ಸಿಕ್ಕಂತೆ. ಅದೇ ಅವಳ ಅಳತೆ, ಅದಕ್ಕೆ ಎದುರು ಮಾತಿಲ್ಲ.

ಹಿಂದಿನ ಸಂತೆಯಲ್ಲಿ ವಿರೂಪಣ್ಣನ ಬಸರಿಯ ಪರೀಕ್ಷೆ ಮುಗಿದಿತ್ತು. ಅದರ ನೆರಳು ಇಸ್ತ್ರಿ ಮಾಡಿದ ಧೋತರದಂತೆ ಹಾಸಿಕೊಂಡಿತ್ತು, ಒಂದು ತೂತಿಲ್ಲ, ಒಂದು ಸುಕ್ಕಿಲ್ಲ. ಮೂರು ಕಟ್ಟು ಹಸಿರಾಗಿ ಉಳಿದಿದ್ದವು. ಬಿಸಿಲು ಮೂಲೆಯ ಕಟ್ಟು ದಾರದುಂಡೆಯಂತೆ ಮುದುಡಿತ್ತು. ಹಾಗಾಗಿ ಈಗ ಎಲ್ಲರ ಕಣ್ಣೂ ಆ ಮೂಲೆಯ ಮೇಲೆ. ಅಲ್ಲಿ ಮಾಳವ್ವ ಎಂದಿನಂತೆ ಗಡಿಗೆಗೆ ಒದ್ದೆ ಕಂಬಳಿ ಹೊದಿಸಿ, ತಾನು ಬಿಸಿಲಿಗೆ ಕುಳಿತಿದ್ದಳು. ಪಕ್ಕದಲ್ಲಿ ಅವಳ ಮುದಿ ಕರಿಯ ಆಡು ನಿಂತಿತ್ತು.

ಊಟದ ಗಂಟೆ ಹೊಡೆಯಿತು. ಕಟ್ಟೆ ಏರಿ, ಬಾನಿಯ ಮೇಲಿನ ಬಟ್ಟೆ ತೆಗೆದೆ.

ಗುಸುಗುಸು ಎದ್ದಿತು. ತಿದ್ದುವವರ ಸಾಲಿನಿಂದ ಒಬ್ಬ, "ಅರ್ಧ ಹೆಣಾನ ಕಟ್ಟಿ ಮ್ಯಾಲೆ ಕುಂದ್ರಿಸ್ಯಾನಲ್ಲೋ" ಎಂದ. ಇನ್ನೊಬ್ಬ, "ಗರಗಸ ಕೊಳ್ಳಾಕ ಆಗಲಿಲ್ಲೇನೋ ಪಾಪ" ಎಂದ. ನೆರಳು ಬಿತ್ತು. ಹಸಿರು ಭಾಗದ್ದು, ದಟ್ಟ, ತಂಪು, ಸೊಪ್ಪಿನ ಮೂಲೆಯನ್ನೂ ಹೂವಿನ ಮೂಲೆಯನ್ನೂ ಮುಚ್ಚಿತು, ಗಡಿಗೆ ಮೂಲೆಯ ಅರ್ಧಕ್ಕೆ ಬಂದು ನಿಂತಿತು. ಅಲ್ಲಿಂದಾಚೆ ಬಿಸಿಲು ಕಲ್ಲಿನ ಮೇಲೆ ಕುಣಿಯುತ್ತಿತ್ತು. ಎರಡೂವರೆ ಮೂಲೆ. ವಿರೂಪಣ್ಣನಿಗಿಂತ ಅರ್ಧ ಕಡಿಮೆ.

ಜನ ನಗಲು ಶುರುಮಾಡಿದರು. ನಾನು ನಗಿಸಿದಾಗ ನಗುವ ನಗೆ ಬೇರೆ, ಇದು ಬೇರೆ. ಫಕೀರವ್ವ ನನ್ನ ಕಡೆ ಬಂದು, ಮೆಲ್ಲಗೆ, "ತಮ್ಮಾ, ಮಾತು ಮಾತೇ" ಎಂದಳು. ನನ್ನ ಕೈ ಸೊಂಟಕ್ಕೆ ಹೋಯಿತು. ಅಜ್ಜನ ಬೆರಳಿನ ಗುರುತಿಗೆ ನನ್ನ ಬೆರಳು ತಾಗಿತು. ಕತ್ತರಿ ಅಷ್ಟು ಭಾರವಿದ್ದದ್ದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ.

"ಒಂದ ಗಳಿಗಿ ತಡೀರಿ" ಎಂದವನು ವಿರೂಪಣ್ಣ. ಅವನು ನಗುತ್ತಿರಲಿಲ್ಲ. ಕಟ್ಟೆಯ ಹತ್ತಿರ ಬಂದು ಬಗ್ಗಿ ಸತ್ತ ಕೊಂಬುಗಳನ್ನು ನೋಡುತ್ತಿದ್ದ. "ಸೂರ್ಯ ಇನ್ನೂ ನೆತ್ತಿಗಿ ಬಂದಿಲ್ಲ. ಒಣಾ ಕಡೆ ಇನ್ನೂ ಬಿಸಲೇ ಬಿದ್ದಿಲ್ಲ."

ಗಿಡವನ್ನು ವಾಲಿಸಿ ನೆಟ್ಟವನು ನಾನು, ಅದು ನನಗೆ ಹೊಳೆದಿರಲಿಲ್ಲ. ನೋಡುತ್ತಿದ್ದಂತೆ ಬಿಸಿಲು ಹಸಿರನ್ನು ದಾಟಿ ಮೊದಲ ಕೊಂಬಿನ ತುದಿಗೆ ಇಳಿಯಿತು. ಬಿಳಿಯ ಕಟ್ಟಿಗೆ ಹೊಳೆಯಿತು. ಮತ್ತು ಗಡಿಗೆ ಮೂಲೆಯ ಕಲ್ಲಿನ ಮೇಲೆ ಏನೋ ಹರಿಯತೊಡಗಿತು.

ಅದು ನಾವು ಕಂಡ ನೆರಳಿನ ಬಣ್ಣವಲ್ಲ. ತೊಟ್ಟು ತೊಟ್ಟು ನವೆದ ಇಳಕಲ್ ಸೀರೆಯ ಹಾಗೆ, ತೆಳುವಾಗಿ, ಮೆತ್ತಗೆ. ಅದರ ತುಂಬ ಎಲೆಗಳಿದ್ದವು. ಕೊಂಬಿನಲ್ಲಿ ಒಂದೂ ಎಲೆಯಿಲ್ಲ, ನೆಲದ ಮೇಲೆ ಲಕ್ಷ ಎಲೆ, ಚೌಕದಲ್ಲಿ ಗಾಳಿಯಿಲ್ಲ, ಅವು ಮಾತ್ರ ಆಡುತ್ತಿದ್ದವು. ನೆರಳು ಗಡಿಗೆ ಮೂಲೆಯನ್ನು ತುಂಬಿತು. ಅಲ್ಲಿಂದ ಹೊರಳಿ, ಮುನ್ನೂರು ವರ್ಷದಲ್ಲಿ ಯಾವ ನೆರಳೂ ತುಳಿಯದ ಕಲ್ಲುಗಳ ಮೇಲೆ ಹತ್ತಿ, ಬಿಸಿಲು ಮೂಲೆಯ ಕೊತ್ತಂಬರಿಯನ್ನು ಮುಚ್ಚಿತು, ಮಾಳವ್ವನ ಪಾದವನ್ನು, ಮಡಿಲನ್ನು, ಗಡಿಗೆಯನ್ನು, ತಲೆಯನ್ನು ಮುಚ್ಚಿತು. ಅಲ್ಲಿಗೂ ನಿಲ್ಲದೆ ಮೆಟ್ಟಿಲಿಳಿದು, ಎರಡು ಓಣಿ ದಾಟಿ, ಸಾಲಿಯ ಬೇವಿನ ನೆರಳಿನ ಕೈ ಹಿಡಿಯಿತು. ಬೆಟ್ಟದ ಕೆಳಗಿನ ಊರಿನವರು ಅಂದು ಗ್ರಹಣವೆಂದು ಸ್ನಾನ ಮಾಡಿದರಂತೆ. ಇದನ್ನು ನಾನು ನೋಡಿಲ್ಲ, ಆದರೆ ಹೇಳಿದವನು ನಾನೇ ಆದ್ದರಿಂದ ಸುಳ್ಳಿರಲಾರದು.

ಕರಿಯ ಆಡು ಒಂದು ಸಲ ನೆಲ ಮೂಸಿತು, ಮುಂಗಾಲು ಮಡಚಿತು, ಆ ತೆಳು ನೆರಳಿನಲ್ಲಿ ತನ್ನ ಮನೆಯೆಂಬಂತೆ ಮಲಗಿಬಿಟ್ಟಿತು. ಮರುಗಂಟೆ ಹೊಡೆದಾಗ ಫಕೀರವ್ವ ನಾಲ್ಕೂ ಮೂಲೆ ಸುತ್ತಿ ನಾಲ್ಕು ಕಟ್ಟು ಎತ್ತಿ ತಂದಳು. ನಾಲ್ಕನೆಯದನ್ನು ಎತ್ತಿ ಹಿಡಿದಳು. ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಚೌಕ ಎದ್ದ ಸದ್ದಿಗೆ ಮೂರು ಮಾಳಿಗೆಯ ಪಾರಿವಾಳಗಳು ಹಾರಿಹೋಗಿ ಮರುದಿನ ಬಂದವು.

ನನ್ನನ್ನು ಹೆಗಲ ಮೇಲೆ ಎತ್ತಿದವರಲ್ಲಿ 'ಅರ್ಧ ಹೆಣ' ಎಂದವನೂ ಇದ್ದ. ವಿರೂಪಣ್ಣ ಮಾತ್ರ ಕಟ್ಟೆಯ ಹತ್ತಿರವೇ ನಿಂತು, ಮಾಳವ್ವನ ಕಡೆ ತಿರುಗಿ ಕೇಳಿದ: "ಯವ್ವಾ, ಮೂವತ್ತು ವರ್ಷದಿಂದ ನಾವು ಬೆಟ್ಟದ ಮ್ಯಾಲೆ ಒಣಾ ಟೊಂಗಿ ಕೊಯ್ದು ಒಗದೀವಿ. ಅವೆಲ್ಲಾ ಎಲ್ಲಿ ಅದಾವು?"

"ಎಲ್ಲಿರ್ತಾವ್ರಿ? ಚಹಾ ಕಾಸಿದ್ವಿ" ಎಂದಳು ಮಾಳವ್ವ. "ಚಲೋ ಉರೀತಿದ್ದುವು."

ತಿದ್ದುವವರೆಲ್ಲ ತಲೆಯ ಮೇಲೆ ಕೈಹೊತ್ತು ಕುಳಿತರು. ವಿರೂಪಣ್ಣ ತನ್ನ ಬಿಳಿ ಧೋತರವನ್ನು ಕಟ್ಟೆಯ ಧೂಳಿಗೆ ಚೆಲ್ಲಿ ಕುಳಿತು, ಹೊಟ್ಟೆ ಹಿಡಿದುಕೊಂಡು ನಕ್ಕ. ಅವನ ಹಲ್ಲನ್ನು ಊರು ನೋಡಿದ್ದು ಅಂದೇ ಮೊದಲು. ನಗು ನಿಂತ ಮೇಲೆ ನನ್ನ ಕತ್ತರಿಯನ್ನು ಕೇಳಿ ತೆಗೆದುಕೊಂಡು, ಕಣ್ಣಿಗೊತ್ತಿ ಮರಳಿ ಕೊಟ್ಟ. ಅದನ್ನು ಪಡೆಯುವಾಗ ನನ್ನ ಬಾಯಿಗೆ ಏನೂ ಬರಲಿಲ್ಲ. ನಮ್ಮೂರಿನಲ್ಲಿ ಇದನ್ನೇ ದೊಡ್ಡ ವಿಸ್ಮಯವೆಂದು ಈಗಲೂ ಹೇಳುತ್ತಾರೆ.

"ಅಲ್ಲೋ ಮಾರ್ತಾಂಡಾ, ಇದನ್ನ ನಿನಗ ಯಾರು ಕಲಿಸಿದ್ರು?" ಎಂದಳು ಫಕೀರವ್ವ.

ಒ‌ಂಬತ್ತು ಉತ್ತರ ಸಿದ್ಧವಿದ್ದವು. ಅಜ್ಜ ಕನಸಿನಲ್ಲಿ ಬಂದ, ಹುಣಸೆಯೇ ಕಿವಿಯಲ್ಲಿ ಉಸುರಿತು, ನನಗೆ ಹುಟ್ಟುವಾಗಲೇ ಗೊತ್ತಿತ್ತು. ಮಾಳವ್ವ ತನ್ನ ಮೂಲೆಯಿಂದ ನನ್ನನ್ನೇ ನೋಡುತ್ತಿದ್ದಳು. ಏನೂ ಕೇಳುವ ನೋಟವಲ್ಲ ಅದು, ಸುಮ್ಮನೆ ನೋಡುವ ನೋಟ. ಏನಾಯಿತೋ, ನಿಜ ಹೇಳಿಬಿಟ್ಟೆ. "ಮಾಳವ್ವನ ಕರಿ ಆಡು ಕಲಿಸ್ತು" ಎಂದೆ.

ಚೌಕ ಬಿದ್ದು ಬಿದ್ದು ನಕ್ಕಿತು. "ಇದಂತೂ ಎಲ್ಲಾದ್ಕಿಂತ ದೊಡ್ಡದು" ಎಂದಳು ಫಕೀರವ್ವ, ಕಣ್ಣೊರೆಸಿಕೊಳ್ಳುತ್ತ. ಆಣೆ ಮಾಡಿದೆ, ಇನ್ನೂ ನಕ್ಕರು. ಹತ್ತು ಸಾವಿರ ಸುಳ್ಳನ್ನು ಕಣ್ಣುಮುಚ್ಚಿ ನಂಬಿದ ಊರು ಇದೊಂದನ್ನು ಇವತ್ತಿಗೂ ನಂಬಿಲ್ಲ. ಮಾಳವ್ವ ನಗಲಿಲ್ಲ. ಗಡಿಗೆಯ ಮೇಲಿನ ಒದ್ದೆ ಕಂಬಳಿಯನ್ನು ತೆಗೆದಳು, ಎರಡು ಕೈಯಿಂದ ಹಿಂಡಿದಳು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅದನ್ನು ಒಣಗಲೆಂದು ತನ್ನ ಮೂಲೆಯ ಕಲ್ಲಿನ ಮೇಲೆ ಹರವಿದಳು.

ಅದು ಒಣಗಲು ನಾಲ್ಕು ದಿನ ಹಿಡಿಯಿತು. ಅಂಥ ನೆರಳು ನಂದು.